ಸೋಫಾದ ಮೇಲೊಂದು ಫ್ರೆಂಚ್ ಕೊಳ

ಕಳೆದ ವರ್ಷ ಓಣಂ ಮುಗಿದ ವಾರ ತಿರುವನಂತಪುರದ ಕಳಕ್ಕೂಟ್ಟಂನಲ್ಲಿ ಗೆಳೆಯನೊಬ್ಬನ ಗೃಹಪ್ರವೇಶ. ಶಿರಸಿಯವನು, ಟೆಕ್ನೋಪಾರ್ಕಿಗೆ ಬಂದು ಒಂಬತ್ತು ವರ್ಷವಾಯಿತು. ಬಾಗಿಲು ದಾಟಿದ ಕೂಡಲೇ ಎದುರು ಗೋಡೆಯಲ್ಲಿ ಕ್ಲೋದ್ ಮೋನೆಯ ಕೊಳ. ಹಸಿರು ಜಪಾನಿ ಸೇತುವೆ, ಕೆಳಗೆ ನೈದಿಲೆ, ಹಿಂದೆ ನೀರಿಗೆ ಬಾಗಿದ ವಿಲ್ಲೋ ಮರ. ಹೊಗಳಬೇಕಾದ ಹೊತ್ತಿನಲ್ಲಿ ನನಗೆ ನಗು ಬಂತು. ಅದೇ ಕೊಳ, ಅದೇ ಐದಡಿ ಅಗಲ, ಅದೇ ಚಿನ್ನದ ಬಣ್ಣದ ಸಪೂರ ಫ್ರೇಮು ಇನ್ನೂರು ಕಿಲೋಮೀಟರ್ ಆಚೆ, ಕೊಚ್ಚಿಯ ಕಾಕ್ಕನಾಡಿನ ನನ್ನ ಬಾಡಿಗೆ ಫ್ಲ್ಯಾಟಿನಲ್ಲೂ ಸೋಫಾದ ಮೇಲೆ ತೂಗುತ್ತಿದೆ.

ಊಟವಾದ ಮೇಲೆ ಬಾಳೆಎಲೆ ಎತ್ತುವ ಮೊದಲೇ ಲೆಕ್ಕ ಶುರುವಾಯಿತು. ಅಲ್ಲಿ ಸೇರಿದ್ದ ಹನ್ನೊಂದು ಕನ್ನಡದ ಮನೆಗಳಲ್ಲಿ ಆರರ ಗೋಡೆಗೆ ಹೀಗೊಂದು ಕ್ಯಾನ್ವಾಸ್ ಬಂದಿತ್ತು. ಮೂರು ಮೋನೆ, ಎರಡು ವ್ಯಾನ್ ಗೋ, ಮತ್ತೊಂದು ಯಾರದ್ದೆಂದು ಮನೆಯವರಿಗೂ ತಿಳಿಯದ ಪ್ಯಾರಿಸ್ಸಿನ ಮಳೆಬೀದಿ. ಎಲ್ಲವೂ ಅಕ್ರಿಲಿಕ್, ಎಲ್ಲವೂ 'ಹ್ಯಾಂಡ್ ಪೇಂಟೆಡ್'. ಮಲೆನಾಡಿನದ್ದು ಒಂದೂ ಇಲ್ಲ, ಬಯಲುಸೀಮೆಯದ್ದು ಇಲ್ಲ. ಹತ್ತು ವರ್ಷದಿಂದ ಅನ್ನ ಹಾಕುತ್ತಿರುವ ಕೇರಳದ್ದು ಒಂದು ಕಥಕ್ಕಳಿ ಮುಖ ಮಾತ್ರ ಇತ್ತು, ಅದೂ ಆಫೀಸಿನವರು ಕೊಟ್ಟದ್ದು.

ಈ ಅಕ್ರಿಲಿಕ್ ಮೋನೆಗಳ ಬಗ್ಗೆ ಜಗಳ ತೆಗೆಯಲೆಂದೇ ಬರೆಯುತ್ತಿದ್ದೇನೆ. ಆದರೆ ಎಲ್ಲರೂ ಜಗಳ ತೆಗೆಯುವ ಜಾಗದಲ್ಲಿ ನನಗೆ ತಕರಾರಿಲ್ಲ, ಅದನ್ನು ಮೊದಲು ಮುಗಿಸಿಬಿಡುತ್ತೇನೆ.

ಕಲೆಯ ಬಗ್ಗೆ ಸ್ವಲ್ಪ ಓದಿಕೊಂಡವರು ಇಂಥ ಚಿತ್ರ ಕಂಡರೆ ಮೂಗು ಮುರಿಯುತ್ತಾರೆ: ನಕಲು, ಸೋಗು, ಹೊಸ ದುಡ್ಡಿನವರ ಚಟ. ಈ ಮಾತನ್ನು ತಿರುವನಂತಪುರದಲ್ಲಿ ನಿಂತು ಹೇಳುವುದಕ್ಕೆ ಧೈರ್ಯ ಬೇಕು. ಅಲ್ಲಿಂದ ಒಂದು ಗಂಟೆ ದೂರದ ಕಿಳಿಮಾನೂರಿನ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿ, ತನ್ನದೇ ಎಣ್ಣೆಚಿತ್ರಗಳನ್ನು ಕಲ್ಲಚ್ಚಿನಲ್ಲಿ ತೆಗೆದು, ಊರೂರಿಗೆ ಹಂಚಿಸಿದ. ನಮ್ಮ ಅಜ್ಜಿ ದೀಪ ಹಚ್ಚಿಟ್ಟ ಲಕ್ಷ್ಮಿ ಅವನದ್ದೇ ನಕಲು, ಅಥವಾ ಅದರ ನಕಲಿನ ನಕಲು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಮೂಲಚಿತ್ರ ನೋಡಿದವರೆಷ್ಟು, ದೇವರ ಕೋಣೆಯಲ್ಲಿ ಕ್ಯಾಲೆಂಡರ್ ನೋಡಿದವರೆಷ್ಟು? ನಕಲು ಎನ್ನುವುದು ನಮ್ಮ ಕಣ್ಣಿನ ಮೊದಲ ಪಾಠಶಾಲೆ. ಮೋನೆಯೂ ಬೇರೆಯಲ್ಲ. ಜಿವೆರ್ನಿಯ ಅವನ ಮನೆಯ ಊಟದ ಕೋಣೆಯ ಗೋಡೆಗಳ ತುಂಬ ಜಪಾನಿನ ಮರದಚ್ಚಿನ ಚಿತ್ರಗಳು, ಹೊಕುಸಾಯ್, ಹಿರೋಶಿಗೆ. ಜಪಾನಿನ ಪೇಟೆಗಳಲ್ಲಿ ಜನಸಾಮಾನ್ಯರು ಕೊಳ್ಳುತ್ತಿದ್ದ ಅಗ್ಗದ ಹಾಳೆಗಳು ಅವು. ಇನ್ನೂರಕ್ಕೂ ಹೆಚ್ಚು ಕೂಡಿಹಾಕಿದ್ದ. ಅವನ ಸೇತುವೆಗೆ ಜಪಾನಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ಅಕ್ರಿಲಿಕ್ ಎಂದು ಹೀಯಾಳಿಸುವವರಿಗೂ ಒಂದು ಮಾತು. ನೀರಿನಲ್ಲಿ ಕದಡುವ ಈ ಬಣ್ಣ ಪೇಟೆಗೆ ಬಂದದ್ದು 1950ರ ದಶಕದಲ್ಲಿ. ಎಣ್ಣೆಬಣ್ಣ ಒಣಗಲು ದಿನಗಟ್ಟಲೆ, ದಪ್ಪ ಹಚ್ಚಿದರೆ ತಿಂಗಳುಗಟ್ಟಲೆ ಬೇಕು. ಜೂನ್‌ನಿಂದ ತೊಳೆದ ಬಟ್ಟೆಯೇ ಒಣಗದ ಕೊಚ್ಚಿಯಲ್ಲಿ, ಟರ್ಪೆಂಟೈನ್ ವಾಸನೆಯ ಒಂದೇ ಕೋಣೆಯಲ್ಲಿ ಸಂಸಾರ ಮಾಡುವ ಚಿತ್ರಗಾರನಿಗೆ ಅಕ್ರಿಲಿಕ್ ದೊಡ್ಡ ಉಪಕಾರ. ಕಷ್ಟ ಎಲ್ಲಿ ಅಂದರೆ, ಮೋನೆ ಹಸಿಬಣ್ಣದ ಮೇಲೆ ಹಸಿಬಣ್ಣ ಎಳೆದು ಕುಂಚದಲ್ಲೇ ಎರಡನ್ನೂ ಕಲಸುತ್ತಿದ್ದ ಕಡೆಗಳಲ್ಲಿ ಅಕ್ರಿಲಿಕ್ ಹತ್ತು ನಿಮಿಷಕ್ಕೆ ಬಿಗಿದುಕೊಂಡುಬಿಡುತ್ತದೆ. ನೀರಿನ ಅಂಚು ಚೂರಿಯಲ್ಲಿ ಕೊರೆದ ಹಾಗೆ ಕಾಣುತ್ತದೆ. ನುರಿತವರು ಅದನ್ನೂ ನಿಭಾಯಿಸುತ್ತಾರೆ. ಇಷ್ಟಕ್ಕೆ ಗಲಾಟೆ ಬೇಡ.

ಇನ್ನು ನನ್ನ ಜಗಳ.

ಮೊದಲನೆಯದು ಅಂಗಡಿಯವರ ಜೊತೆ. ಗೃಹಪ್ರವೇಶದ ರಾತ್ರಿ ಗೆಳೆಯನ ಮನೆಯಲ್ಲಿ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಗೋಡೆಗೆ ಒರಗಿಸಿ ಚಿತ್ರದ ಮೇಲೆ ಓರೆಯಾಗಿ ಬಿಟ್ಟೆ. ಕೈಯಿಂದ ಬರೆದ ಚಿತ್ರದಲ್ಲಿ ಬಣ್ಣ ಎಲ್ಲಿ ಬದಲಾಗುತ್ತದೋ ಅಲ್ಲಿ ಉಬ್ಬೂ ಬದಲಾಗಬೇಕು, ಎಲೆಯ ಬಣ್ಣ ಮುಗಿದಲ್ಲಿ ಕುಂಚದ ಏಣೂ ಮುಗಿಯಬೇಕು. ಅವನ ಚಿತ್ರದಲ್ಲಿ ಏಣುಗಳು ಸೇತುವೆಗೂ ನೀರಿಗೂ ಸಂಬಂಧವಿಲ್ಲದೆ ಅಡ್ಡಾದಿಡ್ಡಿ ಓಡಾಡುತ್ತಿದ್ದವು. ಅಂದರೆ ಕೆಳಗೆ ಕ್ಯಾನ್ವಾಸಿನ ಮೇಲೆ ಯಂತ್ರದ ಮುದ್ರಣ, ಮೇಲೆ ಪಾರದರ್ಶಕ ಅಕ್ರಿಲಿಕ್ ಜೆಲ್ಲನ್ನು ದೊಡ್ಡ ಕುಂಚದಲ್ಲಿ ಬಳಿದದ್ದು. ಐದು ನಿಮಿಷದ ಕೆಲಸ.

"ಅಂದ್ರೆ ನಿಂದು ಕೈಬರಹ, ನಂದು ಜೆರಾಕ್ಸು ಅಂತೀಯ?" ಎಂದ ಗೆಳೆಯ.

"ನಂದೂ ನೋಡಿಲ್ಲ ಮಾರಾಯ. ಹೋಗಿ ನೋಡ್ತೇನೆ."

ಅವನು ಕೊಟ್ಟದ್ದು ನನಗಿಂತ ಎರಡು ಸಾವಿರ ಹೆಚ್ಚು. ಮುದ್ರಣ ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಮುದ್ರಣ ಎಂದು ಹೇಳಿ ಮಾರಿದರೆ ಬೆಲೆ ಇಷ್ಟಾಗುವುದಿಲ್ಲ, ಅಷ್ಟೇ.

ಕಾಕ್ಕನಾಡಿಗೆ ಬಂದು ಟಾರ್ಚ್ ಬಿಟ್ಟು ನೋಡಿದರೆ ನನ್ನದು ನಿಜವಾಗಿಯೂ ಕೈಕೆಲಸ. ಹೆಮ್ಮೆಪಟ್ಟುಕೊಳ್ಳುವ ಮುಂಚೆ ಇನ್ನೊಂದು ಕಣ್ಣಿಗೆ ಬಿತ್ತು. ಮೋನೆ ಈ ಸೇತುವೆಯನ್ನು 1899ರ ಆಸುಪಾಸಿನಲ್ಲಿ ಹತ್ತಕ್ಕೂ ಹೆಚ್ಚು ಸಲ ಬರೆದಿದ್ದಾನೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವುದು ಸುಮಾರು 88 × 93 ಸೆಂಟಿಮೀಟರ್, ಹೆಚ್ಚುಕಡಿಮೆ ಚೌಕ. ನನ್ನದು ಐದಡಿ ಅಗಲ, ಮೂರಡಿ ಎತ್ತರ, ಯಾಕೆಂದರೆ ಸೋಫಾ ಆರೂವರೆ ಅಡಿ ಇದೆ. ಚೌಕವನ್ನು ಆಯತ ಮಾಡಲು ಕೆಳಗಿನ ನೈದಿಲೆಯನ್ನು ಒಂದಷ್ಟು ಕತ್ತರಿಸಿ, ಸೇತುವೆಯನ್ನು ಎರಡೂ ಕಡೆಗೆ ಎಳೆದಿದ್ದಾರೆ. ಒಬ್ಬ ಮನುಷ್ಯ ತನ್ನ ಕೊಳದ ಮುಂದೆ ವರ್ಷಗಟ್ಟಲೆ ಕೂತು ಎಲ್ಲಿಂದ ಎಲ್ಲಿಯವರೆಗೆ ನೋಡಬೇಕೆಂದು ತೀರ್ಮಾನಿಸಿದ. ಅದನ್ನು ಒಂದು ಸೋಫಾ ರದ್ದು ಮಾಡಿತು. ಸೋಫಾ ನನ್ನದೇ.

ಎರಡನೆಯ ಜಗಳ ನಮ್ಮ ಜೊತೆ, ಅಂದರೆ ಕೊಳ್ಳುವವರ ಜೊತೆ. ಇದೇ ದೊಡ್ಡದು.

ನಾವು ಮೋನೆಯನ್ನು ಶಾಂತಿಗೆಂದು ಕೊಳ್ಳುತ್ತೇವೆ. 'ಕಾಮಿಂಗ್' ಎಂದು ಇಂಟೀರಿಯರ್ ಡಿಸೈನರ್ ಹೇಳುತ್ತಾರೆ, ನಾವು ತಲೆಯಾಡಿಸುತ್ತೇವೆ. ಇಂಪ್ರೆಷನಿಸಂ ಎಂಬ ಹೆಸರಿಗೆ ಕಾರಣವಾದ ಚಿತ್ರ ಯಾವುದು? ಮೋನೆ 1872ರಲ್ಲಿ ಲ ಹಾವ್ರ್ ಬಂದರಿನಲ್ಲಿ ಬರೆದ ಸೂರ್ಯೋದಯ. 1874ರ ಪ್ರದರ್ಶನದಲ್ಲಿ ಅದನ್ನು ಕಂಡ ವಿಮರ್ಶಕನೊಬ್ಬ ಗೇಲಿಗೆಂದು ಬಳಸಿದ ಪದವೇ ಪಂಥದ ಹೆಸರಾಯಿತು. ಆ ಚಿತ್ರದಲ್ಲಿ ಕಿತ್ತಳೆ ಸೂರ್ಯನ ಹಿಂದೆ ಇರುವುದು ಹಡಗಿನ ಕಂಬಗಳು, ಕ್ರೇನುಗಳು, ಚಿಮಣಿಗಳ ಹೊಗೆ. ಲ ಹಾವ್ರ್ ಅವನು ಬೆಳೆದ ಊರು. ಊರಿನ ಬಂದರು ಹೊಗೆ ಕಾರುತ್ತಾ ಎದ್ದೇಳುವುದನ್ನು ಕಿಟಕಿಯಿಂದ ನೋಡಿ ಬರೆದ. 1877ರಲ್ಲಿ ಸೇಂಟ್ ಲಾಜರ್ ರೈಲು ನಿಲ್ದಾಣದಲ್ಲಿ ಕೂತು ಉಗಿ ಬರೆದ. ಆ ಕಾಲದ ಕಣ್ಣಿಗೆ ಅದು ಕೊಳಕು, ಹೊಸದು, ಬರೆಯಲು ಅಯೋಗ್ಯವಾದದ್ದು. ನಮ್ಮ ಅಂಗಡಿಗಳಲ್ಲಿ ಈ ಚಿತ್ರಗಳು ಅಪರೂಪ. ಹೊಗೆ ಸೋಫಾಕ್ಕೆ ಹೊಂದುವುದಿಲ್ಲ.

ಈಗ ಕೊಚ್ಚಿಯನ್ನು ನೋಡಿ. ಲ ಹಾವ್ರ್‌ನಲ್ಲಿ ಇದ್ದದ್ದೆಲ್ಲ ಇಲ್ಲಿದೆ. ಬೆಳಗ್ಗೆ ಆರೂವರೆಗೆ ಫೋರ್ಟ್ ಕೊಚ್ಚಿಯ ಚೀನೀ ಬಲೆಗಳ ಹತ್ತಿರ ನಿಂತರೆ ಎದುರು ವಲ್ಲಾರ್ಪಾಡಂ ಕಂಟೇನರ್ ಟರ್ಮಿನಲ್ಲಿನ ಕ್ರೇನುಗಳು ಮಂಜಿನಲ್ಲಿ ಜಿರಾಫೆಗಳ ಹಾಗೆ. ಕಾಕ್ಕನಾಡಿನವರಿಗೆ ಹೊಗೆ ಕಲಿಸಬೇಕಾಗಿಲ್ಲ. 2023ರ ಮಾರ್ಚ್ 2ರಂದು ಬ್ರಹ್ಮಪುರಂ ಕಸದ ರಾಶಿಗೆ ಬೆಂಕಿ ಬಿದ್ದು ಹನ್ನೆರಡು ದಿನ ಉರಿಯಿತು. ನಮ್ಮ ಬಾಲ್ಕನಿಯಿಂದ ಇನ್ಫೋಪಾರ್ಕ್ ಕಟ್ಟಡಗಳು ಕಾಣುತ್ತಿರಲಿಲ್ಲ, ಸೂರ್ಯ ತಾಮ್ರದ ಬಿಲ್ಲೆ. ಆ ದಿನಗಳಲ್ಲಿ ಕಿಟಕಿಗೆ ಒದ್ದೆ ಬಟ್ಟೆ ಸಿಕ್ಕಿಸಿಕೊಂಡು ಒಳಗೆ ಕೂತು ನಾನು ನೋಡಿದ್ದು ಜಿವೆರ್ನಿಯ ಕೊಳವನ್ನು.

ಆ ಕೊಳದ ಕಥೆಯೂ ನಾವು ತಿಳಿದಷ್ಟು ಶಾಂತವಲ್ಲ. 1893ರಲ್ಲಿ ಮೋನೆ ಜಾಗ ಕೊಂಡು ಹೊಳೆಯ ಒಂದು ಕವಲನ್ನು ತೋಟಕ್ಕೆ ತಿರುಗಿಸಲು ಅರ್ಜಿ ಹಾಕಿದಾಗ ಊರಿನ ರೈತರು ತಕರಾರು ತೆಗೆದರು. ಇವನ ಪರದೇಶಿ ಗಿಡಗಳಿಂದ ನೀರು ಕೆಟ್ಟರೆ ದನಕರು ಏನು ಕುಡಿಯಬೇಕು? ಮೋನೆ ಸಿಟ್ಟಿಗೆದ್ದು ಪತ್ರ ಬರೆದ. ಕೊನೆಗೆ ಅನುಮತಿ ಸಿಕ್ಕಿತು. ಆಮೇಲೆ ಕೊಳ ಚೊಕ್ಕಟವಾಗಿಡುವುದಕ್ಕೆಂದೇ ಒಬ್ಬ ತೋಟದಾಳು.

ನಮ್ಮ ಮನೆಗೆ ಎಸಿ ರಿಪೇರಿಗೆ ಬಂದ ಕುಟ್ಟನಾಡಿನ ಹುಡುಗ ಏಣಿಯ ಮೇಲಿಂದ ಈ ಚಿತ್ರವನ್ನು ಬಹಳ ಹೊತ್ತು ನೋಡಿ ಕೇಳಿದ: "ಇಷ್ಟೊಂದು ಆಂಬಲ್ ಹಬ್ಬಿದರೆ ವಳ್ಳಂ ಹೋಗಲ್ಲ ಸಾರ್. ಯಾರೂ ಕಿತ್ತು ಹಾಕಲ್ವಾ?" ನೈದಿಲೆಗೆ ಇವರು ಆಂಬಲ್ ಎನ್ನುತ್ತಾರೆ, ದೋಣಿಗೆ ವಳ್ಳಂ. ಈ ಚಿತ್ರದ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಇದು, ಜಿವೆರ್ನಿಯ ರೈತರ ಪಂಗಡದ್ದು. ಅವನಿಗೆ ನೀರು ಅಂದರೆ ದಾರಿ. ವೈಟ್ಟಿಲದಿಂದ ಕಾಕ್ಕನಾಡಿಗೆ ವಾಟರ್ ಮೆಟ್ರೋದಲ್ಲಿ ಬನ್ನಿ, ಕುಳವಾಳ ಎಂದು ಇವರು ಕರೆಯುವ ಜಲಕಳೆ ಹೇಗೆ ಹಬ್ಬುತ್ತದೆಂದು ಗೊತ್ತಾಗುತ್ತದೆ. ನೇರಳೆ ಹೂವು ಬಿಟ್ಟಾಗ ಸುಂದರವೂ ಹೌದು. ನೋಡಲು ನೈದಿಲೆಯೇ ಬೇಕಿದ್ದರೆ ಕೋಟ್ಟಯಂ ಹತ್ತಿರದ ಮಲರಿಕ್ಕಲ್‌ಗೆ ಹೋಗಬಹುದು. ಕೊಯ್ಲಾಗಿ ನೀರು ನಿಂತ ಗದ್ದೆಗಳಲ್ಲಿ ಕಣ್ಣು ಹಾಯುವಷ್ಟು ದೂರ ಗುಲಾಬಿ ಆಂಬಲ್. ಬಿಸಿಲೇರಿದರೆ ಹೂ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಬೆಳಗ್ಗೆ ಬೇಗ ಹೋಗಬೇಕು. ನಮ್ಮವರು ಹೋಗುತ್ತಾರೆ, ಸೆಲ್ಫಿ ತೆಗೆದು ವಾಟ್ಸಾಪಿಗೆ ಹಾಕುತ್ತಾರೆ, ಮನೆಗೆ ಬಂದು ಮೋನೆಯ ಕೆಳಗೆ ಕೂರುತ್ತಾರೆ. ಮಲರಿಕ್ಕಲ್ ಗೋಡೆಗೆ ಬರುವುದಿಲ್ಲ.

ಯಾಕೆ ಬರುವುದಿಲ್ಲ? 'ಗುಲಾಮಗಿರಿ ಮನಸ್ಸು' ಎಂಬ ಸಿದ್ಧ ಉತ್ತರ ನನಗೆ ರುಚಿಸುವುದಿಲ್ಲ, ಅದು ಬೈಯುವವನಿಗೆ ಸುಖ ಕೊಡುತ್ತದೆ ಅಷ್ಟೇ. ನನ್ನ ಊಹೆ ಬೇರೆ. ನಮ್ಮಂಥ ವಲಸಿಗರಿಗೆ ಫ್ರಾನ್ಸಿನ ಕೊಳ ಎಲ್ಲೂ ನೋಯಿಸುವುದಿಲ್ಲ. ಅದರಲ್ಲಿ ಯಾರೂ ತೀರಿಕೊಂಡಿಲ್ಲ, ಯಾರ ಪಾಲಿನ ತಗಾದೆಯೂ ಇಲ್ಲ, ಮಾರಿದ ಗದ್ದೆ ಇಲ್ಲ. ಊರಿನ ಚಿತ್ರ ಹಾಕಿದರೆ ಊರಿಗೆ ಯಾಕೆ ಹೋಗುತ್ತಿಲ್ಲ ಎಂದು ಅದು ದಿನಾ ಕೇಳುತ್ತದೆ. ಕೇರಳದ ಚಿತ್ರ ಹಾಕಿದರೆ ಇಲ್ಲೇ ನಿಲ್ಲುತ್ತೇನೆಂದು ಒಪ್ಪಿಕೊಂಡ ಹಾಗೆ. ಎರಡೂ ಬೇಡವಾದಾಗ ಮೋನೆ. ಮನೆ ಮಾಲೀಕರು ಮೊಳೆ ಹೊಡೆಯಲು ಬಿಟ್ಟ ಒಂದೇ ಗೋಡೆಯಲ್ಲಿ ನಾವು ಯಾರದ್ದೂ ಅಲ್ಲದ ಜಾಗವನ್ನು ತೂಗುಹಾಕುತ್ತೇವೆ.

ಇದರ ಬೆಲೆ ಕೊಡುವವರು ಬೇರೆ ಇದ್ದಾರೆ. ಮೂರನೆಯ ಜಗಳ ಅವರ ಪರವಾಗಿ.

ನನ್ನ ಚಿತ್ರ ಬರೆದವರನ್ನು ಹುಡುಕಿದೆ. ಮಳೆಗಾಲದಲ್ಲಿ ಹೊರಗೋಡೆಗೆ ತಾಗಿ ಕ್ಯಾನ್ವಾಸಿನ ಬೆನ್ನಿಗೆ ಬೂಸ್ಟು ಹಿಡಿದಿತ್ತು. (ನಿಮ್ಮದನ್ನೂ ತಿರುಗಿಸಿ ನೋಡಿ. ನಾಲ್ಕು ಮೂಲೆಗೆ ಕಾರ್ಕಿನ ತುಂಡು ಅಂಟಿಸಿ ಗೋಡೆಯಿಂದ ಅರ್ಧ ಇಂಚು ದೂರ ಇಟ್ಟರೆ ಸಾಕು.) ಒರೆಸುವಾಗ ಕಟ್ಟಿಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಗುರುತು ಕಂಡಿತು: 5×3, ಸೇತುವೆ, 2. ಫ್ರೇಮ್ ಹಾಕುವವರ ಮೂಲಕ ಎರಡು ವಾರದಲ್ಲಿ ಮನುಷ್ಯ ಸಿಕ್ಕಿದರು. ತೃಪ್ಪೂಣಿತ್ತುರದಲ್ಲಿ ಪೇಂಟಿಂಗ್ ಡಿಗ್ರಿ ಮಾಡಿದವರು, ವಯಸ್ಸು ನಲವತ್ತರ ಆಚೆ. ನಾನು ಅಂಗಡಿಗೆ ಕೊಟ್ಟದ್ದು 14,000 ರೂಪಾಯಿ. ಅವರ ಕೈಗೆ ಬಂದದ್ದು 2,200, ಬಣ್ಣ ಅವರದ್ದೇ.

"ಬೇಜಾರಾಗಲ್ವಾ ಚೇಟ್ಟಾ, ಅದೇ ಸೇತುವೆ ಮತ್ತೆ ಮತ್ತೆ?" ಎಂದು ಕೇಳಿದೆ. ಕರುಣೆ ತೋರಿಸುವ ದನಿ ಇದ್ದಿರಬೇಕು, ಅವರಿಗೆ ಹಿಡಿಸಲಿಲ್ಲ. "ಮೋನೆಯೂ ಅದನ್ನೇ ಮತ್ತೆ ಮತ್ತೆ ಬರೆದ, ಸಾರ್. ಹತ್ತನೆಯ ಸಲಕ್ಕೆ ನೀರು ಹೇಗೆ ಮಾಡಿದ ಅಂತ ನನಗೆ ಗೊತ್ತಾಯ್ತು. ಬೇಜಾರು ಅದರಲ್ಲಿಲ್ಲ." ಒಳಗಿನಿಂದ ತಮ್ಮ ಚಿತ್ರ ತಂದು ತೋರಿಸಿದರು. ಮರಡಿನ ಕಾಯಲ್. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ನಾಲ್ಕು ವಸತಿ ಸಮುಚ್ಚಯಗಳನ್ನು ಸ್ಫೋಟಿಸಿ ಕೆಡವಿದರಲ್ಲ, ಅದಾದ ಮರುದಿನದ ನೀರು. ನೀರಿನ ಮೇಲೆ ಸಿಮೆಂಟಿನ ಬೂದು ಪೊರೆ, ಅದರ ಕೆಳಗಿನಿಂದ ಸಂಜೆಯ ಗುಲಾಬಿ ಹೇಗೋ ಇಣುಕುತ್ತದೆ. ಆ ಗುಲಾಬಿಯನ್ನು ಅವರು ಮೋನೆಯಿಂದ ಕಲಿತರೆಂದು ಯಾರಿಗಾದರೂ ತಿಳಿಯುತ್ತದೆ. ಬೆಲೆ ಕೇಳಿದೆ. 12,000. ಐದು ವರ್ಷದಿಂದ ಮನೆಯಲ್ಲೇ ಇದೆ. ತೆಗೆದುಕೊಂಡು ಹೋಗಿ ತೋರಿಸಿದಾಗ ಅಂಗಡಿಯವರು ಇದು ಮಾರಲ್ಲ ಎಂದರಂತೆ. ಅದಕ್ಕೆ ಅಂಗಡಿಯವರನ್ನು ಬೈಯಲಾರೆ, ನಾವು ಕೇಳದ್ದನ್ನು ಅವರು ಯಾಕೆ ಇಡುತ್ತಾರೆ?

ಭೂದೃಶ್ಯ ಬರೆಯುವವರು ಹೆಸರಿಲ್ಲದೆ ಉಳಿಯುವುದು ಈ ಊರಿಗೆ ಹೊಸದಲ್ಲ. ರವಿವರ್ಮನ ತಮ್ಮ ಸಿ. ರಾಜರಾಜವರ್ಮ ಒಳ್ಳೆಯ ಭೂದೃಶ್ಯಕಾರ. ಅಣ್ಣನ ಜೊತೆ ದೇಶ ಸುತ್ತಿ, ಲೆಕ್ಕಪತ್ರ ನೋಡಿಕೊಂಡು, ಅಣ್ಣನ ನಾಯಕಿಯರ ಹಿಂದಿನ ಬೆಟ್ಟ, ಹೊಳೆಗಳಿಗೂ ಕೈ ಹಾಕುತ್ತಿದ್ದವ. 1905ರಲ್ಲಿ, ಅಣ್ಣನಿಗಿಂತ ಒಂದು ವರ್ಷ ಮುಂಚೆ ತೀರಿಕೊಂಡ. ಮುಂದೆ ನಿಂತ ದಮಯಂತಿಯನ್ನು ಕೋಟಿ ಜನ ಬಲ್ಲರು, ಹಿಂದಿನ ಬೆಟ್ಟದ ಕೈ ಯಾರದ್ದೆಂದು ಕೇಳಿದವರಿಲ್ಲ. ತಿರುವನಂತಪುರದ ಮ್ಯೂಸಿಯಂ ಆವರಣದಲ್ಲಿ 1935ರಲ್ಲಿ ತೆರೆದ ಶ್ರೀ ಚಿತ್ರಾ ಆರ್ಟ್ ಗ್ಯಾಲರಿಯಲ್ಲಿ ಅವನ ಕೃತಿಗಳಿವೆ, ಕೆ.ಸಿ.ಎಸ್. ಪಣಿಕ್ಕರ್ ಅವರದ್ದೂ ಇವೆ. ಟೆಕ್ನೋಪಾರ್ಕಿನ ನಮ್ಮವರಿಗೆ ಭಾನುವಾರದ ಅರ್ಧ ದಿನದ ದಾರಿ. ಈ ಪಣಿಕ್ಕರ್ ಅವರೇ 1966ರಲ್ಲಿ ಮದ್ರಾಸಿನ ಹೊರಗೆ ಚೋಳಮಂಡಲ ಕಟ್ಟಿದವರು. ಅಲ್ಲಿನ ಕಲಾವಿದರು ಬಾಟಿಕ್ ಮತ್ತಿತರ ಕರಕುಶಲ ವಸ್ತು ಮಾಡಿ ಮಾರಿ, ಆ ದುಡ್ಡಿನಲ್ಲಿ ತಮ್ಮ ಚಿತ್ರ ಬರೆಯುವ ಸಮಯ ಕೊಂಡುಕೊಂಡರು. ಹೊಟ್ಟೆಪಾಡಿಗೆ ಒಂದು, ಮನಸ್ಸಿಗೆ ಒಂದು ಎಂಬುದು ಅಂದರೆ ಅಪಮಾನದ ಮಾತಲ್ಲ, ಎರಡನೆಯದನ್ನೂ ಯಾರಾದರೂ ಕೊಳ್ಳುವವರಿದ್ದರೆ.

ನಮ್ಮ ಕಡೆಯ ಉದಾಹರಣೆ ಬೇಕಾದರೆ ರುಮಾಲೆ ಚನ್ನಬಸವಯ್ಯ (1910–1988). ದೊಡ್ಡಬಳ್ಳಾಪುರದ ಕಡೆಯವರು, ಸ್ವಾತಂತ್ರ್ಯ ಹೋರಾಟಗಾರರು, 'ತಾಯಿನಾಡು' ಪತ್ರಿಕೆಯ ಸಂಪಾದಕರಾಗಿದ್ದವರು. ರಾಜಕೀಯ ಬಿಟ್ಟು ಕುಂಚ ಹಿಡಿದು, ಬೆಂಗಳೂರಿನ ರಸ್ತೆಬದಿಯಲ್ಲಿ ಕೂತು ಹೂಬಿಟ್ಟ ಗುಲ್‌ಮೊಹರ್, ಜಕರಾಂಡ, ಕಬ್ಬನ್ ಪಾರ್ಕುಗಳನ್ನು ಸ್ಥಳದಲ್ಲೇ ಬರೆದರು. ಇಂಪ್ರೆಷನಿಸ್ಟರು ಮಾಡಿದ್ದೂ ಇದನ್ನೇ: ಮನೆಯ ಹೊರಗೆ ಬಂದು, ಎದುರಿಗಿದ್ದದ್ದನ್ನು, ಆ ಹೊತ್ತಿನ ಬೆಳಕಿನಲ್ಲಿ. ರುಮಾಲೆಯವರು ಬರೆದ ಮರಗಳಲ್ಲಿ ಎಷ್ಟೋ ಈಗ ರಸ್ತೆ ಅಗಲೀಕರಣಕ್ಕೆ ಹೋಗಿವೆ. ಬೆಂಗಳೂರು ಬಿಟ್ಟು ಬಂದ ನಮ್ಮ ಎಷ್ಟು ಮನೆಗಳಲ್ಲಿ ಅವರ ಒಂದು ಮುದ್ರಿತ ಹಾಳೆಯಾದರೂ ಇದೆ? ಹೆಸರು ಗೊತ್ತಿದೆಯೇ ಎಂದು ಕೇಳಿದರೆ ಇನ್ನೂ ಸರಿಹೋದೀತು.

ಹಾಗಾದರೆ ಮೋನೆಯನ್ನು ಇಳಿಸಬೇಕೆ? ಬೇಡ. ಇಷ್ಟವಿದ್ದರೆ ಕೊಳ್ಳಿ, ಅವನು 1926ರಲ್ಲಿ ತೀರಿಕೊಂಡ, ಯಾರ ಹಕ್ಕಿಗೂ ಧಕ್ಕೆಯಿಲ್ಲ. ಆದರೆ ಬರೆದವರ ಹೆಸರು ಕೇಳಿ, ಕ್ಯಾನ್ವಾಸಿನ ಹಿಂದೆ ಸಹಿ ಮಾಡಿಸಿ, ಆಗುವುದಾದರೆ ಅಂಗಡಿ ದಾಟಿ ನೇರ ಅವರ ಕೈಗೆ ದುಡ್ಡು ಕೊಡಿ. ಸೋಫಾದ ಅಳತೆ ಹೇಳಬೇಡಿ. ಮತ್ತು ಒಂದು ಮೋನೆಗೆ ಕೊಡುವ ದುಡ್ಡನ್ನೇ ಅದೇ ಮನುಷ್ಯರ ಸ್ವಂತ ಚಿತ್ರಕ್ಕೆ ಕೊಡಲು ಕೈ ಯಾಕೆ ಹಿಂಜರಿಯುತ್ತದೆ ಎಂದು ಆ ಹೊತ್ತಿಗೆ ನೋಡಿಕೊಳ್ಳಿ. ನನ್ನ ಕೈಯೂ ಹಿಂಜರಿಯಿತು. ಮರಡಿನ ಚಿತ್ರ ತಂದದ್ದು ಎರಡನೆಯ ಭೇಟಿಯಲ್ಲಿ.

ಮೂರನೆಯ ಸಲ ಹೋದಾಗ ಅವರೇ ಕೇಳಿದರು, ನಿಮ್ಮ ಊರಿನದ್ದು ಏನಾದರೂ ಬರೆದುಕೊಡಲೇ, ಫೋಟೋ ಇದ್ದರೆ ಕೊಡಿ. ನಮ್ಮ ಅಜ್ಜನ ಊರು ಶರಾವತಿ ಕಣಿವೆಯದ್ದು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನೀರಿನ ಕೆಳಗೆ ಹೋಯಿತು. ಅಡಿಕೆ ತೋಟದ ಫೋಟೋ ಇಲ್ಲ, ಮನೆಯದ್ದೂ ಇಲ್ಲ, ಆಗ ಕ್ಯಾಮೆರಾ ಯಾರ ಹತ್ತಿರ ಇತ್ತು? ಬರೆದವರಂತೂ ಯಾರೂ ಇಲ್ಲ. ಅಪ್ಪನಿಗೆ ಈಗ ಎಪ್ಪತ್ತೊಂಬತ್ತು, ಮನೆಯ ಮುಂದಿನ ಹಲಸಿನ ಮರ ಯಾವ ಕಡೆಗಿತ್ತೆಂದು ಅವರೂ ಚಿಕ್ಕಪ್ಪನೂ ಇನ್ನೂ ವಾದ ಮಾಡುತ್ತಾರೆ.

ಇದನ್ನೆಲ್ಲ ನನ್ನ ಹರಕು ಮಲಯಾಳದಲ್ಲಿ ಹೇಳಿದೆ. ಅವರು ಸ್ವಲ್ಪ ಹೊತ್ತು ಬಣ್ಣದ ತಟ್ಟೆ ಕೆರೆಯುತ್ತಾ ಕೂತು, ಬೇಸಿಗೆಯಲ್ಲಿ ನೀರು ಇಳಿಯುತ್ತದೆಯೇ ಎಂದು ಕೇಳಿದರು. ಇಳಿಯುತ್ತದೆ, ಲಿಂಗನಮಕ್ಕಿಗೂ ಮುಂಚಿನ ಹಿರೇಭಾಸ್ಕರದ ಹಳೆಯ ಅಣೆಕಟ್ಟೆ ನೀರಿನಿಂದ ಮೇಲೆ ಏಳುತ್ತದೆ, ಒಣಗಿದ ಮರದ ಬೊಡ್ಡೆಗಳು ನಿಂತಿರುತ್ತವೆ ಎಂದೆ. ಹಾಗಿದ್ದರೆ ಮೇ ತಿಂಗಳಲ್ಲಿ ಹೋಗೋಣ, ನಿಮ್ಮ ಅಪ್ಪನೂ ಬರಲಿ, ಕೂತು ನೋಡಿ ಬರೆಯುತ್ತೇನೆ ಎಂದರು. ಮಂಗಳೂರಿನವರೆಗೆ ರೈಲು, ಅಲ್ಲಿಂದ ಸಾಗರಕ್ಕೆ ಬಸ್ಸು. ಟಿಕೆಟ್ಟಿನ ದುಡ್ಡು ಯಾರದ್ದು, ದಿನಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳಿದರು. ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಹಾಕಿದೆವು.